ತಾಳಮಲೆಯ ದೇವರ ಪಾಲಿನ ಕಾಫಿ

ಶನಿವಾರ ಬೆಳಿಗ್ಗೆ ಮೈಸೂರು ಬಿಟ್ಟೆ. ಚೀಲದಲ್ಲಿ ಎರಡು ಖಾಲಿ ಡಬ್ಬಿ, ನಾಲ್ಕು ಚಪಾತಿ. ಹೊಸ ಹೋಟೆಲೊಂದರ ಮಾಲೀಕರು, "ಭಾನುವಾರ ನಾಲ್ಕು ಗಂಟೆಗೆ ತಿರಾಮಿಸು ಮಾಡಿ ತನ್ನಿ. ನಾಲಿಗೆಗೆ ಹಿಡಿಸಿದರೆ ಸಿಹಿ ಮಾಡುವ ಕೆಲಸ ನಿಮ್ಮದು" ಎಂದಿದ್ದರು. ಎಂಟು ತಿಂಗಳಿಂದ ಕೆಲಸವಿಲ್ಲದೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿ ಉಣ್ಣುತ್ತಿದ್ದೆ. ಇದೂ ಕೈತಪ್ಪಿದರೆ ಆ ಮನೆಯಲ್ಲಿ ನನಗೆ ಅನ್ನ ಇಳಿಯುವುದಿಲ್ಲ ಅನಿಸಿತ್ತು.

ತಿರಾಮಿಸು ಅಂದರೆ ಇಟಲಿಯವರ ಪದರದ ಸಿಹಿ. ಬೆರಳುದ್ದದ ಬಿಸ್ಕತ್ತನ್ನು ಗಟ್ಟಿ ಕರಿಕಾಫಿಯಲ್ಲಿ ಅದ್ದಿ, ಮೇಲೆ ಕೆನೆ ಹರಡಿ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ. ಕಾಫಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಚಿಕೋರಿ ಬೆರೆತ ಫಿಲ್ಟರ್ ಪುಡಿ ಮಣ್ಣು ಮಣ್ಣಾಯಿತು. ಇನ್‌ಸ್ಟಂಟ್ ಪುಡಿ ಸಪ್ಪೆ. ಚಿಕೋರಿ ಇಲ್ಲದ್ದನ್ನು ಅಂಗಡಿಯಲ್ಲಿ ಹುರಿಸಿ ತಂದರೆ ಹುಳಿ. ಆಗ ನೆನಪಾದದ್ದು ಕೇತಮ್ಮನ ಕಾಫಿ. ಹಿಂದೆ ಜೊತೆಗೆ ದುಡಿದ ಪಣಕಹಳ್ಳಿಯ ರಾಜಮ್ಮ ಒಮ್ಮೆ ಅದರ ಒಂದು ಹಿಡಿ ಪುಡಿ ಕೊಟ್ಟಿದ್ದಳು. "ತಾಳಮಲೆ ಸೋಲಿಗರೋಳು. ಇತ್ಲಲ್ಲಿ ನಾಕು ಗಿಡ ಅವೆ. ಬೀಜ ಉರಿಯದು ಮಾತ್ರ ಅವಳ ಕೈಲೇ ಆಗ್ಬೇಕು" ಎಂದಿದ್ದಳು. ಈ ಸಲ ನಾನು ಬರುವ ಸುದ್ದಿಯನ್ನೂ ಅವಳೇ ಮುಟ್ಟಿಸಿದ್ದಳು.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ತಾಳವಾಡಿ ಸೇರುವಾಗ ಬಿಸಿಲೇರಿತ್ತು. ತಾಳಮಲೆಯ ಬಸ್ಸು ಹೊರಟಿದ್ದು ಒಂದೂವರೆಗೆ. ಅದೇ ಬಸ್ಸು ಐದಕ್ಕೆ ಅಲ್ಲಿಂದ ವಾಪಸ್, ತಪ್ಪಿದರೆ ಮರುದಿನವೇ. ತಿರಾಮಿಸು ಒಂದು ರಾತ್ರಿ ಫ್ರಿಜ್ಜಿನಲ್ಲಿ ಕೂರಬೇಕು. ಅಂದರೆ ಐದರ ಬಸ್ಸು ನನಗೆ ತಪ್ಪುವಂತಿರಲಿಲ್ಲ.

ಕಾಡಿನ ರಸ್ತೆಯಲ್ಲಿ ಬಸ್ಸು ಗಕ್ಕನೆ ನಿಂತಿತು. ಮುಂದೆ ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಡ್ರೈವರ್ ಎಂಜಿನ್ ಆರಿಸಿದ. ನಾನು ಎದ್ದು ನಿಂತು, "ಹಾರನ್ನಾದರೂ ಮಾಡಿ ಸ್ವಾಮಿ" ಅಂದೆ.

ಕಂಡಕ್ಟರ್ ಪಿಸುಗುಟ್ಟಿದ: "ಸುಮ್ನೆ ಕೂತ್ಕಳಕ್ಕ. ಮರಿ ಇಟ್ಕಂಡದೆ. ಅದು ಓದಾಗ ನಾವು ಓಗದು."

ಆನೆಗೆ ನನ್ನ ಭಾನುವಾರದ ಚಿಂತೆ ಯಾಕೆ? ಮುಕ್ಕಾಲು ಗಂಟೆ ಬಿದಿರು ಮುರಿಯುತ್ತಾ ನಿಂತಿತು. ಅಷ್ಟೂ ಹೊತ್ತು ನಾನು ಗಡಿಯಾರ ನೋಡಿದೆ.

ತಾಳಮಲೆಯಲ್ಲಿ ಇಳಿದಾಗ ಮೂರೂವರೆ. ಕೇತಮ್ಮ ಅರವತ್ತು ದಾಟಿದ ಗಿಡ್ಡ ಹೆಂಗಸು. ಆಗಲೇ ಕಾಫಿ ಕಾಯಿ ಕುಟ್ಟಿ ಸಿಪ್ಪೆ ಕೇರಿ, ಮೂರು ಪಾವಿನಷ್ಟು ಬೀಜ ಇಟ್ಟಿದ್ದಳು. ಮಣ್ಣಿನ ಓಡನ್ನು ಒಲೆಯ ಮೇಲಿಟ್ಟು ಹುರಿಯತೊಡಗಿದಳು. ಬೀಜ ಚಟಪಟ ಸಿಡಿದು ಕಂದು ಬಣ್ಣಕ್ಕೆ ತಿರುಗಿತು.

"ಸಾಕು ಕಣವ್ವ, ಇಳ್ಸ್ತೀನಿ" ಅಂದಳು.

"ಬೇಡ ಅಕ್ಕ, ಇನ್ನೂ ಕಪ್ಪಾಗಲಿ. ಇಟಲಿಯವರು ಕಪ್ಪಗೇ ಹುರಿಯೋದು" ಅಂದೆ. ಓದಿದ್ದೆನಲ್ಲ!

"ಒತ್ತೋಯ್ತದೆ ಕಣವ್ವ."

"ಇನ್ನೊಂದು ನಿಮಿಷ."

ಅವಳು ಮತ್ತೆ ಕೈಯಾಡಿಸಿದಳು. ಅರ್ಧ ನಿಮಿಷದಲ್ಲಿ ಹೊಗೆ ಎದ್ದಿತು. ಓಡು ಇಳಿಸುವಷ್ಟರಲ್ಲಿ ಮೂರು ಪಾವೂ ಇದ್ದಿಲು. ಕುಟ್ಟಲು ಬೇರೆ ಒಣಕಾಯಿ ಇರಲಿಲ್ಲ, ಗಿಡದಲ್ಲಿದ್ದವು ಇನ್ನೂ ಹಸಿ. ಬೇರೆಯವರ ಮೇಲೆ ಹಾಕೋಣವೆಂದರೆ ತಪ್ಪು ಪೂರ್ತಿ ನನ್ನದೇ. ಜಗಲಿಯಲ್ಲಿ ಕೂತು ಅತ್ತೆ. ಕೆಲಸದ ವಿಷಯ, ಅತ್ತಿಗೆಯ ವಿಷಯ ಎಲ್ಲ ಹೇಳಿಕೊಂಡೆ.

ಕೇತಮ್ಮ ಒಳಗೆ ಹೋಗಿ ಒಂದು ಪಾವು ಬೀಜ ತುಂಬಿಟ್ಟಿದ್ದ ಸೋರೆಬುರುಡೆಯೊಂದನ್ನು ತಂದಳು. ಅಂಗಳದಲ್ಲಿದ್ದ ಅವಳ ಗಂಡ ಜಡೆಯ, ಅಲ್ಲಿಂದಲೇ ತಡೆದ: "ಏ, ಅದು ದ್ಯಾವ್ರ ಪಾಲು. ಮದ್ಲು ಬುಡಿಸಿದ್ದು. ಸ್ವಾಮಾರ ಎಡೆ ಇಕ್ಕೋಗಂಟ ನಾವೇ ಬಾಯ್ಗಾಕಂಗಿಲ್ಲ!"

"ಇವತ್ತೇ ಇಕ್ಕುದ್ರಾಯ್ತು ಬುಡು. ದ್ಯಾವ್ರು ವಾರ ನೋಡ್ಕಂಡು ಉಂಡದಾ?"

ಅವನು ಮುಖ ತಿರುಗಿಸಿದ. ಅವಳು ಆ ಒಂದು ಪಾವು ಬೀಜ ಹುರಿದಳು. ನಾನು ಬಾಯಿ ಹೊಲಿದುಕೊಂಡು ಕೂತೆ. ಪುಡಿ ಮಾಡಿ, ಹಿತ್ತಲ ಮರದಡಿಯ ದೇವರ ಕಲ್ಲಿನ ಮುಂದೆ ಇಟ್ಟು ಕೈಮುಗಿದು, ಎರಡು ಚಿಟಿಕೆ ತನ್ನವರಿಗೆ ತೆಗೆದು ಉಳಿದದ್ದನ್ನು ನನ್ನ ಡಬ್ಬಿಗೆ ಸುರಿದಳು. ದುಡ್ಡು ಚಾಚಿದ ನನ್ನ ಕೈ ತಳ್ಳಿದಳು.

"ಎಡೆ ಇಕ್ಕಿದ್ದ ಮಾರಂಗಿಲ್ಲ ಕಣವ್ವ, ನಾನೂ ಮಾರಂಗಿಲ್ಲ, ನೀನೂ ಮಾರಂಗಿಲ್ಲ. ಎದ್ರಿಗೆ ಬಂದೋರ್ಗೆಲ್ಲ ಒಂಚೂರು ಕೊಡು. ಆಯ್ತಾ?"

"ಆಯ್ತಕ್ಕ" ಅಂದು ಓಡಿದೆ. ಬಸ್ಸು ಹೊರಟೇಬಿಟ್ಟಿತ್ತು; ಕಂಡಕ್ಟರ್ ಕೈಹಿಡಿದು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಡಬ್ಬಿಯನ್ನು ಮಡಿಲಿಂದ ಇಳಿಸಲಿಲ್ಲ.

ಭಾನುವಾರ ನಾಲ್ಕಕ್ಕೆ ಮಾಲೀಕರ ಮುಂದೆ ಟ್ರೇ ಇಟ್ಟೆ. ಹನ್ನೆರಡು ತುಂಡು. ಅವರು ಒಂದನ್ನು ನಿಧಾನವಾಗಿ ತಿಂದರು.

"ಇದೇ ಕಾಫಿ. ಇನ್ನು ಬದಲಿಸಬೇಡಿ" ಅಂದರು. "ಮಿಕ್ಕಿದ್ದು ಫ್ರಿಜ್ಜಿಗೆ ಹಾಕಿ. ಸಂಜೆ ಗಿರಾಕಿಗಳಿಗೆ ಮಾರೋಣ."

ಸುಮ್ಮನೆ ತಲೆಯಾಡಿಸಿದ್ದರೆ ಕೆಲಸ ನನ್ನದು. ಕೇತಮ್ಮ ಕಾಡಿನಾಚೆ ಇದ್ದಾಳೆ, ಅವಳಿಗೆ ಯಾರು ಹೇಳುತ್ತಾರೆ? ಆದರೆ ಅಂಗಳದಲ್ಲಿ ಮುಖ ತಿರುಗಿಸಿದ್ದ ಅವಳ ಗಂಡ ಕಣ್ಮುಂದೆ ಬಂದ.

"ಮಾರೋ ಹಾಗಿಲ್ಲ ಸಾರ್" ಅಂದುಬಿಟ್ಟೆ. ಕಾರಣವನ್ನೂ ಹೇಳಿದೆ.

"ವ್ಯಾಪಾರ ನಿಮಗೆ ಬರಲ್ಲ" ಎಂದು ಅವರು ಎದ್ದು ಒಳಗೆ ಹೋದರು.

ಪಾತ್ರೆ ತೊಳೆಯುವವರಿಗೆ, ಬಡಗಿಗೆ, ಗೇಟಿನ ಹೂವಿನವಳಿಗೆ, ಕಾವಲುಗಾರ ಪುಟ್ಟಸ್ವಾಮಿಗೆ, ಎದುರಿಗೆ ಬಂದವರಿಗೆಲ್ಲ ಕೊಟ್ಟೆ. ನನಗೆ ಟ್ರೇಯ ಮೂಲೆಯಲ್ಲಿ ಒಂದು ಚಮಚ ಉಳಿಯಿತು. ಸುಟ್ಟ ವಾಸನೆ ಇಲ್ಲ, ಹುಳಿ ಇಲ್ಲ. ಖಾಲಿ ಟ್ರೇ ತೊಳೆದು ರಸ್ತೆಗೆ ಇಳಿದೆ.

ಹಿಂದಿನಿಂದ ಪುಟ್ಟಸ್ವಾಮಿ ಓಡಿ ಬಂದ. "ಅಕ್ಕೋ, ಸಾಹೇಬ್ರು ಕೇಳ್ತಾವ್ರೆ. ಆ ಬೆಟ್ಟಕ್ಕೆ ಮುಂದ್ಲ ಬಸ್ಸು ಯಾವಾಗ? ಕೆಲ್ಸ ನಿಮ್ದೇಯಂತೆ, ಮಾರೋ ಅಂಥ ಕಾಫಿ ನೀವೇ ಓಗಿ ತರ್ಬೇಕಂತೆ."

"ಒಂದೂವರೆಗೆ, ತಾಳವಾಡಿಯಿಂದ" ಅಂದೆ. ಈ ಸಲ ಕೇತಮ್ಮ ಸಾಕು ಅಂದರೆ ಸಾಕು.