ನೋವಿಗೆ ಎರವಲು ಮಾತ್ರೆ

ಕೆಲಸ ಕಳೆದುಕೊಂಡವರು ಜಯಮ್ಮ. ತಪ್ಪು ಅವರದಲ್ಲ. ಒಂದು ತಪ್ಪು ನನ್ನದು, ಒಂದು ಶಾಲೆಯದು. ಎಲ್ಲಕ್ಕಿಂತ ಹಳೆಯ ತಪ್ಪು ಮಾಡಿದವರಿಗೆ ಜಯಮ್ಮ ಯಾರೆಂದೇ ಗೊತ್ತಿಲ್ಲ.

ಅವರು ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ಹಿಂದಿನ ಬೀದಿಯವರು. ಒಂಬತ್ತು ವರ್ಷ ಶಾಲಾ ವ್ಯಾನಿನಲ್ಲಿ ಆಯಾ ಆಗಿದ್ದವರು. ಈಚೆಗೆ ಬಲಗೆನ್ನೆಯ ನರದಲ್ಲಿ ನೋವು. ಗಾಳಿ ಸೋಕಿದರೆ ಸಾಕು, ಕರೆಂಟ್ ಹೊಡೆದಂತೆ. ವ್ಯಾನಿನ ಕಿಟಕಿ ಮುಚ್ಚಿದರೆ ಮಕ್ಕಳು, "ಆಂಟಿ, ಸೆಕೆ!" ಎಂದು ಕೂಗುತ್ತಿದ್ದವು. ಜಯಮ್ಮ ಕೆನ್ನೆಗೆ ಸೆರಗು ಸುತ್ತಿಕೊಂಡು ಕಿಟಕಿ ತೆರೆಯುತ್ತಿದ್ದರು.

ರಜೆಗಳು ಹೆಚ್ಚಾದವು. "ಮೇಡಂ, ಒಂದು ಲೆಟರ್ ಬರ್ಕೊಡಿ. ನಾಟಕ ಆಡ್ತಿದೀನಿ ಅಂದ್ಕೊಂಡಿದಾರೆ," ಎಂದರು. ಕಣ್ಣಿಗೆ ಕಾಣದ ನೋವನ್ನು ನಂಬದಿರುವುದು ಅನ್ಯಾಯವೆಂದು ಶಾಲೆಗೆ ಖಾರವಾಗಿಯೇ ಬರೆದೆ. ಸಾಕ್ಷ್ಯಕ್ಕಿರಲಿ ಎಂದು ವೈದ್ಯರ ಚೀಟಿಯ ಜೆರಾಕ್ಸ್ ಲಗತ್ತಿಸಿದೆ. (ಮನವಿಪತ್ರ ಬರೆದೇ ಕೂದಲು ನರೆತವರ ಚಾಳಿ ಇದು.)

ಶಾಲೆಯವರು ಪತ್ರ ಓದಲಿಲ್ಲ, ಲಗತ್ತು ಓದಿದರು. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರು. "ಇದು ಫಿಟ್ಸ್ ಮಾತ್ರೆ ಕಣಮ್ಮ. ಮಕ್ಕಳ ಜೊತೆ ಹೆಂಗೆ ಕಳಿಸೋದು?" ವೈದ್ಯರನ್ನು ಒಂದು ಮಾತು ಕೇಳಲಿಲ್ಲ. ಸೋಮವಾರದಿಂದ ಬರಬೇಡಿ ಎಂದುಬಿಟ್ಟರು. (ಫಿಟ್ಸ್ ಇದ್ದವರನ್ನೂ ಹೀಗೆ ವಿಚಾರಿಸದೆ ಹೊರಹಾಕುವುದು ಅನ್ಯಾಯವೇ.)

ಅದು ಫಿಟ್ಸ್ ಮಾತ್ರೆಯೇ, ನಿಜ. ಈ ನರನೋವಿಗೂ ಅದನ್ನೇ ಕೊಡುತ್ತಾರೆ. ಏಕೆ? ನನ್ನ ಚಿಕ್ಕಮ್ಮನ ಮಗಳು ಶ್ರುತಿ ನರಗಳ ಬಗ್ಗೆ ಸಂಶೋಧನೆ ಮಾಡುವವಳು. "ನೋವಿಗೆ ಅಂತಲೇ ಹುಡುಕಿದ ಔಷಧಿ ಕಮ್ಮಿ ಅಕ್ಕ. ಬೇರೆ ಕಾಯಿಲೇದನ್ನ ಎರವಲು ತಂದು ಕೊಡ್ತಾರೆ," ಎಂದಳು.

ನೋವಿನ ಸುದ್ದಿಯನ್ನು ನರದಲ್ಲಿ ಮುಂದಕ್ಕೆ ದಾಟಿಸುವ ಪ್ರೋಟೀನು ಯಾವುದೆಂದು ಮೊದಲು ಪತ್ತೆಯಾಗಬೇಕು. ಔಷಧಕ್ಕೆ ಅದೇ ಗುರಿ. ಆ ಹುಡುಕಾಟಕ್ಕೆ ವರ್ಷಗಳು ಬೇಕು. ಅನುದಾನ ಅಷ್ಟು ದೂರ ಜೊತೆಗೆ ಬರುವುದಿಲ್ಲ.

"ಗುರಿ ಹುಡುಕ್ತೀನಿ ಅಂದ್ರೆ ಔಷಧಿ ಎಲ್ಲಿ ಅಂತಾರೆ. ಔಷಧಿ ಮಾಡ್ತೀನಿ ಅಂದ್ರೆ ಗುರಿ ಎಲ್ಲಿ ಅಂತಾರೆ!" ಎಂದಳು ಶ್ರುತಿ.

ನೋವಿನಿಂದ ಯಾರೂ ಸಾಯುವುದಿಲ್ಲವಲ್ಲ ಎಂಬ ಸಮಾಧಾನ ಬೇರೆ, ಅನುದಾನ ಕೊಡುವವರಿಗೆ. ಸಾಯದೆ ಉಳಿದವರ ಪಾಡೇನು?

ಜಯಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಬಿಡಿ ಮೇಡಂ, ನೀವೇನ್ ಕಂಡ್ರಿ? ಇನ್ನೊಂದ್ಸಲ ಚೀಟಿ ಮಾತ್ರ ಅಂಟಿಸ್ಬೇಡಿ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ನಕ್ಕರೂ ಹೊಡೆಯುತ್ತದೆ ಆ ಕರೆಂಟು.

ಶಾಲೆಯವರೇ, ವೈದ್ಯರನ್ನು ಕೇಳಿ. ಕೆಲಸ ಮರಳಿ ಕೊಡಿ. ಸಂಶೋಧನಾ ಅನುದಾನ ಹಂಚುವ ಅಧಿಕಾರಿಗಳೇ, ಆ ಹಳೆಯ ತಪ್ಪು ನಿಮ್ಮದು; ನೋವಿನ ಔಷಧದ ಗುರಿ ಹುಡುಕುವವರಿಗಾಗಿಯೇ ನಡುವೆ ಕಡಿದುಹೋಗದ ಪ್ರತ್ಯೇಕ ನಿಧಿಯೊಂದನ್ನು ಬರುವ ಬಜೆಟ್ಟಿನಲ್ಲಿ ತೆಗೆದಿಡಿ. ಅರ್ಜಿಗಳನ್ನು ಆರಿಸುವ ಸಮಿತಿಯಲ್ಲಿ ನೋವುಂಡವರಿಗೂ ಒಂದು ಕುರ್ಚಿ ಹಾಕಿ.

ಆ ಕುರ್ಚಿಗೆ ಜಯಮ್ಮ ಬರುತ್ತಾರೆ. ಅಂದು ದಯವಿಟ್ಟು ಫ್ಯಾನ್ ಆರಿಸಿಡಿ.