ಗೋಡೆಯ ಬದಿಯ ಇಲಿಗಳು

ತಮಿಳು ಸೀಮೆಯಲ್ಲಿ ಗಣಪತಿ ಎಂಬ ಬಡಾವಣೆಯ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮುಪ್ಪಿನಲ್ಲಿ ಕಿವಿ ಏಕೆ ಮಂದವಾಗುತ್ತದೆಂದು ತಿಳಿಯಲು ಅವುಗಳನ್ನು ಸಾಕುತ್ತಿದ್ದರು. ಅಷ್ಟರಲ್ಲಿ ಪಕ್ಕದ ಗೋಡೆಯಾಚೆ ಪಂಪ್ ವರ್ಕ್‌ಶಾಪ್ ಶುರುವಾಗಿ, ದಿನವಿಡೀ ಕಬ್ಬಿಣ ಉಜ್ಜುವ ಸದ್ದು. ಕೆಲವು ತಿಂಗಳಲ್ಲಿ ಆ ಗೋಡೆಯ ಬದಿಯ ಇಲಿಗಳು ಚಪ್ಪಾಳೆ ತಟ್ಟಿದರೂ ಬೆಚ್ಚದಾದವು. ದೂರದ ಕೋಣೆಯಲ್ಲಿದ್ದ ಅದೇ ವಯಸ್ಸಿನವು ಬೆಚ್ಚುತ್ತಿದ್ದವು.

ಈ ಪ್ರಯೋಗ ನಡೆಸಲು ಮೈಸೂರಿನಿಂದ ಬಂದಿದ್ದ ಪ್ರೊಫೆಸರಿಗೆ ನಮ್ಮ ಮನೆಯ ತಮಿಳು ಬೆರೆತ ಕನ್ನಡದಲ್ಲಿ ಹೇಳಿದೆ: “ಸಾರ್, ಇದು ವಯಸ್ಸಲ್ಲ, ಸದ್ದು. ನಮ್ಮಮ್ಮಂಗೂ ಮಗ್ಗದ ಸದ್ದಲ್ಲೇ ಕಿವಿ ಹೋಯ್ತು.”

“ಇಲಿಗೆ ಕೂಳು ಹಾಕೋನು ನನಗೆ ವಿಜ್ಞಾನ ಹೇಳ್ಕೊಡ್ತೀಯಾ? ಮೊದಲು ನೆಟ್ಟಗೆ ಕನ್ನಡ ಕಲಿ” ಎಂದರು.

ಮೈ ಉರಿಯಿತು. ನಾನು ಕಂಡದ್ದನ್ನೆಲ್ಲ, ಶಾಲೆಯಲ್ಲಿ ಕಲಿತಿದ್ದ ತಮಿಳಿನಲ್ಲಿ ಬರೆದು ಅವರ ಮೇಲಿನವರಿಗೆ ಕೊಟ್ಟೆ. ಆ ಇಲಿಗಳಿಂದ ಪಡೆದ ಫಲಿತಾಂಶಗಳನ್ನು ಪ್ರೊಫೆಸರು ಕೈಬಿಡಬೇಕಾಯಿತು. ಇನ್ನು ಪ್ರಯೋಗಕ್ಕೆ ಬಾರವೆಂದು ಗೋಡೆಯ ಬದಿಯ ಇಲಿಗಳನ್ನು ಕೊಂದರು, ನನ್ನನ್ನು ಕೆಲಸದಿಂದ ತೆಗೆದರು. ಆ ಮನುಷ್ಯನನ್ನು ನಾನಿನ್ನೂ ಕ್ಷಮಿಸಿಲ್ಲ.