ಮುದ್ರೆಗೆ ಬಿಟ್ಟ ಜಾಗ

ಹೋದ ವಾರ ನಾನೊಂದು ಕಳ್ಳತನಕ್ಕೆ ಕೈಹಾಕಿ ಸಿಕ್ಕಿಬಿದ್ದೆ. ಕದಿಯಹೊರಟಿದ್ದು ಒಂದು ಹಕ್ಕಿಯನ್ನು. (ನಗಬೇಡಿ, ಎರಡು ತಲೆಯ ಹಕ್ಕಿ.)

ನಡೆದದ್ದು ಇಷ್ಟು. ದೊಡ್ಡಮಳೂರಿನ ನನ್ನ ಹಳೆಯ ಶಿಷ್ಯ ಪುಟ್ಟಸ್ವಾಮಿ ಬಿ.ಎ. ಪಾಸಾದ. ಒಕ್ಕಲು ಮನೆತನದವನು, ಆ ಊರಿಗೇ ಮೊದಲ ಡಿಗ್ರಿ. ಡಿಗ್ರಿ ಕಾಗದ ಸುತ್ತಿಡಲು ಚನ್ನಪಟ್ಟಣದ ಅರಗು ಬಳಿದ ಮರದ ಕೊಳವೆಯೊಂದನ್ನು, ಮೇಲೆ ಸಂಸ್ಥಾನದ ಯೂನಿವರ್ಸಿಟಿಯ ಗಂಡಭೇರುಂಡ ಮುದ್ರೆ ಬರೆಸಿ, ಕೊಡೋಣವೆಂದು ಊರವರು ತೀರ್ಮಾನಿಸಿದರು. ಮುದ್ರೆ ಬಳಸಲು ಅಪ್ಪಣೆ ಬೇಡವೆ? ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ ಮೇಷ್ಟ್ರಾದ ನನ್ನ ಪಾಲಿಗೆ ಬಂತು.

ಉತ್ತರ ಬಂತು. ಒಪ್ಪಿಗೆ ಉಂಟು, ಷರತ್ತುಗಳೂ ಉಂಟು. ಬಣ್ಣ ಬದಲಿಸಕೂಡದು. ಹಕ್ಕಿಯ ಕತ್ತು ಎಳೆದು ಉದ್ದ ಮಾಡಕೂಡದು. ಡಿಗ್ರಿ ಪಡೆದವರ ವಸ್ತುವಿನ ಮೇಲಲ್ಲದೆ ಬೇರೆಲ್ಲೂ ಬರೆಯಕೂಡದು. ಗೊಂಬೆ ಮಾಡುವ ಹುಸೇನ್ ಸಾಬರಿಗೆ ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದೆ.

ಸಾಬರಿಗೆ ಹಕ್ಕಿ ಎಂದರೆ ಹಸಿರು ಮೈ, ಕೆಂಪು ಕೊಕ್ಕು. “ಒಸಿ ಹಸ್ರು ಹಾಕ್ಬುಡ್ಲಾ ಮೇಷ್ಟ್ರೇ? ಲಕ್ಷಣ ಬತ್ತದೆ” ಎಂದರು.

“ಕೂಡದು ಸಾಬರೇ, ಕಾಯ್ದೆ.”

“ಹಂಗಾದ್ರೆ ಕಾಯ್ದೆ ಪ್ರಕಾರವೇ ಆಗ್ಲಿ ಬುಡಿ.”

ಅಷ್ಟಕ್ಕೆ ಎದ್ದು ಬರಬೇಕಿತ್ತು. ಬಾಗಿಲಲ್ಲಿ ನಿಂತು, ಆಗತಾನೆ ನೆನಪಾದವನಂತೆ, “ಅಂಥದ್ದೇ ಇನ್ನೊಂದು ಮಾಡಿ, ನನಗೆ” ಎಂದೆ.

ಯಾಕೆ? ಇಪ್ಪತ್ತು ವರ್ಷದ ಹಿಂದೆ ನಾನೂ ಬಿ.ಎ.ಗೆ ಕೂತಿದ್ದೆ. ಇಂಗ್ಲಿಷಿನಲ್ಲಿ ಫೇಲ್. (ಯೂನಿವರ್ಸಿಟಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದ ಮಹಾಶಯ ಇವನೇ!) ಆಮೇಲೆ ಮಕ್ಕಳು, ಮಿಡಲ್ ಸ್ಕೂಲಿನ ಕೆಲಸ, ಮತ್ತೆ ಕೂರಲಿಲ್ಲ. ಪೇಟೆಯವರು “ಬಿ.ಎ. ಮೇಷ್ಟ್ರು” ಎಂದು ಕರೆಯುತ್ತಾರೆ. ನಾನು ತಿದ್ದಿರಲಿಲ್ಲ, ಇವತ್ತು ಇಲ್ಲಿ ತಿದ್ದುತ್ತಿದ್ದೇನೆ. ಆ ಮುದ್ರೆ ಕಂಡಾಗಲೆಲ್ಲ ನಿಂತು ನೋಡುತ್ತೇನೆ. ಅದು ನನಗೆ ಬೇಕಿತ್ತು. ಈಗಲೂ ಬೇಕು.

ಶನಿವಾರ ಹೋದೆ. ಕೇದಗೆ ಎಲೆಯಲ್ಲಿ ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿದ ಎರಡು ಕೊಳವೆ. ಪುಟ್ಟಸ್ವಾಮಿಯದರ ಮೇಲೆ ಗಂಡಭೇರುಂಡ, ಹೇಳಿದ ಬಣ್ಣವೇ. ನನ್ನದರಲ್ಲಿ ಕೆಂಪು, ಹಳದಿ ಪಟ್ಟಿಗಳ ನಡುವೆ ನಾಲ್ಕು ಬೆರಳಗಲ ಬರಿಯ ಮರ.

“ಇದೇನು ಸಾಬರೇ, ಮರೆತಿರಾ?”

ಅವರು ತಲೆ ಎತ್ತಲಿಲ್ಲ. “ಮರ್ತಿಲ್ಲ. ನಿಮ್ ರಿಸಲ್ಟ್ ಬಂದ್ ದಿನ ನಮ್ ಜಗಲಿ ಮ್ಯಾಲೆ ಬಂದು ಕೂತಿದ್ರಿ. ನಾನೇ ನೀರು ಕೊಟ್ಟೆ. ಕಾಯ್ದೆ ಓದಿ ಹೇಳ್ದೋರೂ ನೀವೇಯ. ಅದ್ಕೇ ಜಾಗ ಬುಟ್ಟಿವ್ನಿ. ಪಾಸಾಗಿ ಬನ್ನಿ, ಹಕ್ಕಿ ಬರ್ದುಕೊಡ್ತೀನಿ.”

ಇಪ್ಪತ್ತು ವರ್ಷ ಈ ಮನುಷ್ಯ ಯಾರಿಗೂ ಹೇಳಿಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು.

ಕೊಳವೆ ಈಗ ನನ್ನ ಮೇಜಿನ ಮೇಲೆ ಖಾಲಿ ಕೂತಿದೆ. ಪಕ್ಕದಲ್ಲಿ ಹಳೆಯ ಇಂಗ್ಲಿಷ್ ಟೆಕ್ಸ್ಟು, ಧೂಳು ಕೊಡವಿದ್ದೇನೆ.

ಓದುಗರೇ, ನಲವತ್ತು ದಾಟಿದ ಮೇಲೆ ಪರೀಕ್ಷೆಗೆ ಕೂತವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?